ಕೆಂಪು ನೂಲು ಕಟ್ಟಿದ ಅಂಜೂರ

ಕಾಲ್ಫೀಲ್ಡ್, ಮೆಲ್ಬರ್ನ್
3 ಮಾರ್ಚ್ 1998, ಮಂಗಳವಾರ

ಪ್ರೀತಿಯ ಬೂಬಾ,

ಊಟದ ಬಿಡುವಿನಲ್ಲಿ, ಮೂರು ವರ್ಷದ ಮಕ್ಕಳು ಕೂರುವ ಕುರ್ಚಿಯ ಮೇಲೆ, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕುರ್ಚಿಯನ್ನು ಬೈಯಿ.

ಕಾಲೇಜು ಶುರುವಾದ ವಾರವೇ ನಮ್ಮನ್ನೆಲ್ಲ ಒಂದೊಂದು ಶಿಶುವಿಹಾರಕ್ಕೆ ಅಟ್ಟಿದ್ದಾರೆ. ನನಗೆ ಸಿಕ್ಕಿದ್ದು ನಮ್ಮವರದ್ದೇ, ಯಹೂದಿ ಶಿಶುವಿಹಾರ. ತಿಂಗಳ ಕೊನೆಗೆ ಇಲ್ಲಿಯ ಟೀಚರ್ ನನ್ನ ವರದಿಯಲ್ಲಿ ‘ತೇರ್ಗಡೆ’ ಎಂದು ಬರೆಯಬೇಕು. ಬರೆಯದಿದ್ದರೆ ಕೋರ್ಸ್ ಮುಗಿದ ಹಾಗೆ. ಅಪ್ಪ ಫೋನಿನಲ್ಲಿ ಆಗಲೇ ಹೇಳಿಬಿಟ್ಟರು, “ಇದೂ ಆಗ್ಲಿಲ್ಲ ಅಂದ್ರೆ ನಾರಿಚ್‌ಗೆ ಬಂದ್ಬಿಡು, ಅತ್ತೆ ಅಂಗಡೀಲಿ ಒಬ್ರು ಬೇಕಂತೆ.” ಇಂಗ್ಲೆಂಡಿನಲ್ಲಿ ಗುಂಡಿ, ದಾರ ಮಾರುತ್ತಾ ನಿಂತ ನನ್ನನ್ನು ಊಹಿಸಿಕೋ! ನಾನು ಇಲ್ಲೇ ಇರಬೇಕು ಬೂಬಾ. ಅಮ್ಮ ಹೋದ ಮೇಲೆ ಹಾಸ್ಟೆಲು, ಅದಾದ ಮೇಲೆ ಇನ್ನೊಂದು ಹಾಸ್ಟೆಲು. ಅಮ್ಮ ಹುಟ್ಟಿದ ಊರು ಎಂದು ನಾನೇ ಆರಿಸಿಕೊಂಡು ಬಂದ ಜಾಗ ಇದೊಂದೇ.

ಆದರೆ ಟೀಚರ್ ಮೇಲೆ ನನಗೆ ಅನುಮಾನ. ಹೆಸರು ಮೋರಾ ಬ್ಲೂಮಾ. ಇಲ್ಲಿ ಟೀಚರನ್ನು ಮೋರಾ ಎಂದೇ ಕರೆಯುತ್ತಾರೆ. ಮೊದಲ ದಿನವೇ ನನ್ನ ಹೆಸರಿನ ಚೀಟಿ ನೋಡಿ, “ಥಿಯಾ ಹಾಲ್ಡೆನ್. ಹಾಲ್ಡೆನ್ ಅಪ್ಪನ ಕಡೇದಾ? ಅಮ್ಮನ ಕಡೆ ಯಾರು?” ಎಂದರು.

“ಅಮ್ಮ ಇಲ್ಲ. ಅಜ್ಜಿ ಹೋಬಾರ್ಟಲ್ಲಿ.”

“ಹೋಬಾರ್ಟಲ್ಲಾ? ಅಲ್ಲಿ ನಮ್ಮವ್ರು ಯಾರಿದಾರಮ್ಮ!”

ಆಮೇಲೆ ಅಂಗಳಕ್ಕೆ ಕರೆದೊಯ್ದು ಒಂದು ಅಂಜೂರದ ಗಿಡ ತೋರಿಸಿದರು. ಬೇಲಿಯಷ್ಟೆತ್ತರ, ಕೊಂಬೆಗೆ ಕಾಗದದ ಕಿರೀಟ. ಕಳೆದ ತಿಂಗಳು ಮರಗಳ ಹೊಸವರ್ಷದ ಹಬ್ಬದಂದು ಮಕ್ಕಳು ಅದಕ್ಕೆ ಹುಟ್ಟುಹಬ್ಬ ಮಾಡಿದ್ದರಂತೆ. ಪಕ್ಕದ ಬೋರ್ಡಿನಲ್ಲಿ ‘ನಮ್ಮ ಅಂಜೂರಕ್ಕೆ ಮೂರು ತುಂಬಿತು’ ಎಂದಿದೆ.

“ಈ ಗಿಡದ ವಿಷ್ಯ ನಿಂಗೆ ಗೊತ್ತಿರ್ಬೇಕಲ್ಲ? ಹೇಳ್ಬೇಕಾ?”

“ಗೊತ್ತು, ಗೊತ್ತು,” ಎಂದೆ.

ಏನು ಗೊತ್ತು? ಮಣ್ಣಂಗಟ್ಟಿ. ಆದರೆ ಹಾಸ್ಟೆಲಿನಲ್ಲಿ ನಾನು ಗಟ್ಟಿಯಾಗಿ ಕಲಿತ ಪಾಠ ಅದೊಂದೇ: ‘ಗೊತ್ತಿಲ್ಲ’ ಎಂದವಳಿಗೆ ಹೊಸ ಅಡ್ಡಹೆಸರು ಬೀಳುತ್ತದೆ. ಅದೂ ಅಲ್ಲದೆ ಅರ್ಧ ಇಂಗ್ಲಿಷಿನವಳು ಎಂದು ಆಗಲೇ ಅಳೆಯುತ್ತಿರುವವರ ಮುಂದೆ ಬಾಯಿ ಬಿಡುವುದು ಹೇಗೆ? ಆಗಲೇ ಒಂದು ಎಡವಟ್ಟಾಗಿದೆ. ಭುಜದವರೆಗೆ ಕೂದಲಿದ್ದ ಒಂದು ಮಗುವಿಗೆ ಜಡೆ ಹೆಣೆದು “ಎಷ್ಟು ಚೆಂದ ಕಾಣ್ತೀಯೇ ಪುಟ್ಟಿ” ಎಂದೆ. “ನಾನು ಝೆವ್! ಹುಡುಗ!” ಎಂದು ಕೈ ಕಚ್ಚಿಬಿಟ್ಟ.

ಈಗ ಅಸಲು ವಿಷಯ. ನಿನ್ನೆ ಸಂಜೆ ಗಿಡದಲ್ಲಿ ಹಣ್ಣಾಗಿ ಬಿರಿದ ಅಂಜೂರಗಳಿದ್ದವು. ಇಂದು ಬೆಳಿಗ್ಗೆ ಒಂದೂ ಇಲ್ಲ. ನನಗಿಂತ ಮೊದಲೇ ಬಂದಿದ್ದ ಮೋರಾ ಬ್ಲೂಮಾ ಶೆಡ್ಡಿನ ಹಿಂದಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಮಕ್ಕಳು “ಹಣ್ಣೆಲ್ಲಿ ಮೋರಾ?” ಎಂದರೆ “ಇನ್ನೂ ಸ್ವಲ್ಪ ಕಾಯ್ಬೇಕು ಚಿನ್ನ” ಎಂದರು. ಇನ್ನೊಂದು: ಹಣ್ಣು, ದೊಡ್ಡ ಕಾಯಿ ಎಲ್ಲದರ ತೊಟ್ಟಿಗೂ ಕೆಂಪು ಉಲ್ಲನ್ ನೂಲು ಕಟ್ಟಿದೆ. ಎಳೆಯ ಮಿಡಿಗಳಿಗೆ ಇಲ್ಲ. ಮಕ್ಕಳು ದಿನವೂ ಪುಟ್ಟ ಕ್ಯಾನಿನಲ್ಲಿ ನೀರು ಹೊತ್ತು ಹಾಕುವ ಗಿಡದ ಹಣ್ಣು ಎಲ್ಲಿಗೆ ಹೋಗುತ್ತದೆ?

ನಿನ್ನ
ಥಿಯಾ

*

ಹೋಬಾರ್ಟ್
5 ಮಾರ್ಚ್ 1998

ನನ್ನ ಕೂಸೇ,

ಇಷ್ಟು ವರ್ಷ ಹಾಸ್ಟೆಲ್ ಊಟ ತಿಂದರೂ ನಿನ್ನ ಮೂಗು ಕೆಟ್ಟಿಲ್ಲವಲ್ಲ, ಸಂತೋಷ. ಆ ಮೂಗು ನನ್ನದು. ಪೆದ್ದು ಗದ್ದ ಮಾತ್ರ ನಿಮ್ಮಪ್ಪನದು.

ಗಂಡುಮಕ್ಕಳ ಕೂದಲನ್ನು ಮೂರು ತುಂಬುವವರೆಗೆ ಕತ್ತರಿಸದೆ ಬಿಡುವ ಜನರ ಶಾಲೆಗೆ ಹೋಗುತ್ತಿದ್ದೀಯ ಎಂದು ಮೊದಲೇ ಹೇಳಬೇಕಿತ್ತು. ಅವರು ನಗುನಗುತ್ತಲೇ ಅಳತೆ ತೆಗೆಯುವವರು. ಅಮ್ಮನ ಕಡೆ ಯಾರು ಎಂದು ಯಾಕೆ ಕೇಳಿದಳು? ನನ್ನ ಹೆಸರು ಹೇಳಬೇಡ. ಆ ಊರಿನಲ್ಲಿ ಗೀಟಲ್ ವಾಯ್ನರ್ ಎಂದರೆ ಇನ್ನೂ ಮುಖ ತಿರುಗಿಸುವವರು ಇದ್ದಾರು.

ಇನ್ನು ಹಣ್ಣು. ಕದ್ದು ತಿನ್ನುವವಳಾದರೆ ಹಸಿವು ಎನ್ನಬಹುದಿತ್ತು. ಮಕ್ಕಳ ಕಣ್ಣು ತಪ್ಪಿಸಿ ಹೂಳುವವಳಿಗೆ ಏನೆನ್ನಲಿ? ತಿನ್ನುವ ವಸ್ತುವನ್ನು ಮಣ್ಣಿಗೆ ಹಾಕುವ ಕೈಯನ್ನು ನಾನು ನಂಬುವುದಿಲ್ಲ. ಕೆಂಪು ನೂಲು ಏನೆಂದು ನನಗೂ ತಿಳಿಯದು. ದೃಷ್ಟಿಗೋ, ಇದು ನನ್ನದು ಎಂಬ ಗುರುತಿಗೋ.

ಕೇಳು. ಮಕ್ಕಳು ನೀರು ಹಾಕಿದ ಗಿಡ, ಹಣ್ಣು ಮಕ್ಕಳದ್ದು. ಒಂದು ದಿನ ಅವಳಿಗಿಂತ ಮೊದಲು ಹೋಗು. ಕೊಯ್ದು ಮಕ್ಕಳಿಗೆ ಕೊಡು. ಆಮೇಲೆ ಅವಳ ಮುಖ ನೋಡು, ಎಲ್ಲ ತಿಳಿಯುತ್ತದೆ.

ಹೊರಗೆ ಹಾಕಿದರೆ ಹಾಕಲಿ ಬಿಡು. ನಾರಿಚ್‌ಗೆ ಯಾಕೆ ಹೋಗಬೇಕು? ಇಲ್ಲೂ ಕಾಲೇಜು ಇದೆ. ನಿನ್ನ ಅಮ್ಮ ಮಲಗುತ್ತಿದ್ದ ಕೋಣೆಗೆ ಹೊಸ ಪರದೆ ಹಾಕಿಸಿದ್ದೇನೆ. ಸುಮ್ಮನೆ ಹಾಕಿಸಿದ್ದು, ನಿನಗೆಂದಲ್ಲ.

ಬೂಬಾ

*

ಕಾಲ್ಫೀಲ್ಡ್
8 ಮಾರ್ಚ್ 1998, ಭಾನುವಾರ

ಪ್ರೀತಿಯ ಬೂಬಾ,

ನೀನು ಹೇಳಿದ್ದೇ ಸರಿ, ಹೂಳುತ್ತಾಳೆ! ಶೆಡ್ಡಿನ ಹಿಂದೆ ಎಂದಷ್ಟೇ ನಾನು ಬರೆದಿದ್ದು. ಹೂಳುವುದನ್ನು ನೀನು ಹೋಬಾರ್ಟಿನಲ್ಲಿ ಕೂತು ಹೇಗೆ ಹಿಡಿದೆ? ಪೊಲೀಸ್ ಇಲಾಖೆಗೆ ನೀನು ಸಿಗದೆ ಹೋದದ್ದು ಅವರ ದುರದೃಷ್ಟ.

ನನಗೆ ಹೇಳಿದ್ದು ಪಕ್ಕದ ಮನೆಯ ಸ್ಟಾವ್ರೋಸ್ ಎಂಬ ಗ್ರೀಕ್ ಮುದುಕ. ಶುಕ್ರವಾರ ಬೇಲಿಯ ಮೇಲಿಂದ ತಲೆ ಹಾಕಿ ಕರೆದ.

“ಏ ಹುಡುಗಿ, ಹೊಸಬ್ಳಾ? ನಿಮ್ಮ ಟೀಚರಮ್ಮಂಗೆ ತಲೆ ನೆಟ್ಟಗಿದ್ಯಾ ಕೇಳು. ನಮ್ಮೂರ ತಳಿ ಅದು, ನನ್ ಕೈಯಾರೆ ಬೇರು ಬರ್ಸಿ ಕೊಟ್ಟಿದ್ದು. ಹಣ್ಣನ್ನ ಹೆಣ ಹೂಳ್ದಂಗೆ ಹೂಳ್ತಾಳೆ! ನಂಗಾದ್ರೂ ಕೊಡಮ್ಮ ಅಂದ್ರೆ, ನಿಮಗೂ ಕೊಡೋ ಹಂಗಿಲ್ಲ, ಸ್ವಲ್ಪ ತಡೀರಿ ಅಂತಾಳೆ. ನನ್ ವಯಸ್ಸಿಗೆ ತಡೀರಿ ಅನ್ನೋದು ತಮಾಷೆನಾ?”

“ಯಾಕಂತೆ?”

“ನಿಮ್ಮವ್ಳು, ನೀನೇ ಹೇಳು.”

ಗೊತ್ತಿರುವವಳ ಹಾಗೆ ನಕ್ಕೆ.

ಮೋರಾ ಬ್ಲೂಮಾ ಕೂಡ ನನ್ನನ್ನು ಗಮನಿಸುತ್ತಿದ್ದಾಳೆ. ನಿನಗೆ ಹೇಳಬೇಕಾದ್ದನ್ನು ಬಿಡುವಿದ್ದಾಗಲೆಲ್ಲ ಸ್ವಲ್ಪಸ್ವಲ್ಪ ಬರೆದಿಡುತ್ತಿದ್ದೆನಲ್ಲ, ಹಿಂದೆ ಬಂದು ನಿಂತಳು. “ಏನದು ಬರೀತಿರೋದು?” “ಅಜ್ಜಿಗೆ ಪತ್ರ.” “ಇವತ್ತೂನಾ?” ಎಂದು ಹುಬ್ಬು ಏರಿಸಿ ಹೋದಳು.

ನನಗೆ ಒಂದೇ ಒಂದು ಅರ್ಥವಾಗುವುದಿಲ್ಲ. ಮಕ್ಕಳ ಜೊತೆ ಅವಳು ಬೇರೆಯೇ ವ್ಯಕ್ತಿ. ಮರಗಳ ಹಬ್ಬದಂದು ಅವರಿಂದ ಪಾರ್ಸ್ಲಿ ಸೊಪ್ಪು ಬಿತ್ತಿಸಿದ್ದಾಳೆ, ಮುಂದಿನ ತಿಂಗಳ ಪಾಸೋವರ್ ಹಬ್ಬದ ಊಟಕ್ಕೆ ಮನೆಗೆ ಒಯ್ಯಲು. ದಿನವೂ ಮಕ್ಕಳು ಅದರ ಪಕ್ಕ ಬೆರಳು ಊರಿ ಎಷ್ಟು ಬೆಳೆದಿದೆ ಎಂದು ನೋಡುತ್ತಾರೆ. ಮೊಸರಿನ ಡಬ್ಬಿಗೆ ನೀಲಗಿರಿ ಕಾಯಿ ತುಂಬಿಸಿ ಗಿಲಕಿ ಮಾಡಿಸಿದಳು. ಪೂರಿಮ್ ಕಥೆಯಲ್ಲಿ ದುಷ್ಟ ಹಾಮಾನನ ಹೆಸರು ಬಂದಾಗಲೆಲ್ಲ ಅಲ್ಲಾಡಿಸಿ ಗದ್ದಲ ಎಬ್ಬಿಸಬೇಕಂತೆ. ಅಗೆಯುವಾಗ ಸಿಕ್ಕ ಎರೆಹುಳವನ್ನು ಮಗುವಿನ ಅಂಗೈಯಿಂದ ಮಣ್ಣಿಗೆ ಹೂವಿನ ಹಾಗೆ ಇಳಿಸುವ ಹೆಂಗಸು ಹಣ್ಣನ್ನು ಯಾಕೆ ಹೂಳುತ್ತಾಳೆ? ಅಷ್ಟು ಒಳ್ಳೆಯತನವೇ ನನಗೆ ಅನುಮಾನ ತರುತ್ತಿದೆ.

ನಿರ್ಧಾರ ಮಾಡಿದ್ದೇನೆ. ಗುರುವಾರ ಪೂರಿಮ್, ಮನೆಮನೆಗೆ ತಿಂಡಿ ಹಂಚಿಕೊಳ್ಳುವ ಹಬ್ಬ. ಮಕ್ಕಳು ಮನೆಗೊಂದು ತಿಂಡಿಯ ಬುಟ್ಟಿ ಒಯ್ಯುತ್ತಾರೆ. ಬುಟ್ಟಿ ಕಟ್ಟುವ ಕೆಲಸ ನನ್ನದು. ಬೆಳಿಗ್ಗೆ ಅವಳಿಗಿಂತ ಮೊದಲು ಹೋಗಿ, ಹಣ್ಣಾಗಿದ್ದನ್ನೆಲ್ಲ ಕೊಯ್ದು, ಗಸಗಸೆ ಬಿಸ್ಕತ್ತಿನ ಕೆಳಗೆ ಇಡುತ್ತೇನೆ. ಕಾಯಿಗಳ ನೂಲನ್ನೂ ಕಿತ್ತುಬಿಡುತ್ತೇನೆ. ಅವಳ ಗುರುತು ಅವಳಿಗೇ ಸಿಗಬಾರದು.

ವರದಿ ಬರೆಯುವವಳು ಅವಳೇ ಎಂಬುದನ್ನು ಮರೆತಿಲ್ಲ. ಆದರೆ ನೀನು ನನ್ನ ಹಿಂದೆ ಇದ್ದೀಯಲ್ಲ.

ಥಿಯಾ

*

ಹೋಬಾರ್ಟ್
11 ಮಾರ್ಚ್ 1998

ಥಿಯಾ,

ನಿನ್ನ ಪತ್ರ ಈಗ ಬಂತು. ಫೋನು ಮಾಡಿದೆ. ನಿಮ್ಮ ಹಾಸ್ಟೆಲಿನ ಯಾವಳೋ ಎತ್ತಿ, ಕರೀತೀನಿ ಇರಿ ಎಂದು ಹೋದವಳು ಬರಲೇ ಇಲ್ಲ. ಮತ್ತೆ ಮಾಡಿದರೆ ಎಂಗೇಜ್.

ಅಂಜೂರ ಮುಟ್ಟಬೇಡ. ನಾನು ಹೇಳಿದ್ದು ಬಿಡು. ಕಾರಣ ಕೇಳಬೇಡ.

ಬೂಬಾ

*

ಕಾಲ್ಫೀಲ್ಡ್
13 ಮಾರ್ಚ್ 1998, ಶುಕ್ರವಾರ

ಬೂಬಾ,

ನಿನ್ನ ಪತ್ರ ಇವತ್ತು ಬಂತು. ಪೂರಿಮ್ ನಿನ್ನೆ ಆಯಿತು.

ಅಂದುಕೊಂಡ ಹಾಗೇ ಮಾಡಿದೆ. ಎಲ್ಲ ಬುಟ್ಟಿಗೂ ಅಂಜೂರ. ಮಧ್ಯಾಹ್ನ ಮಕ್ಕಳು ಗಿಲಕಿ ಆಡಿಸುತ್ತಾ ಮನೆಗೆ ಹೋದರು. ಆಮೇಲೆ ಮೋರಾ ಬ್ಲೂಮಾ ಗಿಡದ ಹತ್ತಿರ ಹೋದವರು ಮುಷ್ಟಿ ತುಂಬ ಕೆಂಪು ನೂಲು ಹಿಡಿದುಕೊಂಡು ಬಂದರು.

“ಥಿಯಾ, ಹಣ್ಣೆಲ್ಲಿ?”

“ಮಕ್ಕಳ ಬುಟ್ಟೀಲಿ. ಮಕ್ಕಳ ಹಣ್ಣು ಮಕ್ಕಳಿಗೆ,” ಎಂದೆ, ನೀನು ಕಲಿಸಿದ ಹಾಗೇ.

ಅವರ ಮುಖ ನೋಡಿದೆ. ಕಳ್ಳಿಯ ಮುಖ ಕಾಣಲಿಲ್ಲ ಬೂಬಾ. ರಸ್ತೆ ದಾಟುತ್ತಿದ್ದ ಮಗುವಿನ ಕೈ ಜಾರಿಹೋದವಳ ಮುಖ ಅದು.

“ಕಾರು ಹತ್ತು,” ಎಂದರು.

ಪೂರಿಮ್ ಎಂದು ಎಲ್ಲರೂ ವೇಷ ಹಾಕಿದ್ದೆವು. ಅವರು ಜೇನುಹುಳ, ಹಳದಿ ಕಪ್ಪು ಪಟ್ಟೆ, ತಲೆಯ ಮೇಲೆ ತಂತಿಯ ಮೀಸೆ. ನಾನು ಮರ. ಜೇನುಹುಳ ಕಾರು ಓಡಿಸುತ್ತಿತ್ತು, ಪಕ್ಕದಲ್ಲಿ ಮರ ಅಳುತ್ತಿತ್ತು.

“ನಿಜ ಹೇಳು. ನಿನ್ನ ಕಳ್ಸಿದ್ದು ಯಾರು? ಶಿಕ್ಷಣ ಇಲಾಖೆಯವ್ರಾ? ದಿನಾ ಕೂತ್ಕೊಂಡು ನನ್ ಮೇಲೆ ಏನೇನೋ ಬರೀತಿದ್ಯಲ್ಲ!”

“ಅಜ್ಜಿಗೆ ಪತ್ರ ಮೋರಾ, ಆಣೆ.”

“ದಿನಾ ಅಜ್ಜಿಗೆ ಪತ್ರ ಬರೆಯೋ ಮೊಮ್ಮಗಳು ಯಾವ ಲೋಕದಲ್ಲಿದಾಳೆ? ಇಷ್ಟು ದಿನ ನಿನ್ ಮುಂದೆ ಬಾಯಿ ಬಿಡಕ್ಕೂ ಹೆದರ್ತಿದ್ದೆ ನಾನು.” ಸ್ವಲ್ಪ ದೂರ ಹೋದ ಮೇಲೆ ಕೇಳಿದರು, “ಓರ್ಲಾ ಅಂದ್ರೇನು, ಹೇಳು ನೋಡೋಣ.”

ನಾನು ವೇಷದ ಎಲೆ ಕೀಳುತ್ತಾ ಕೂತೆ.

“ಗೊತ್ತಿಲ್ವಾ? ಗೊತ್ತು ಗೊತ್ತು ಅಂದ್ಯಲ್ಲೇ ಹುಡುಗಿ!” ಕಾರು ನಿಲ್ಲಿಸಿಬಿಟ್ಟರು. “ಗಿಡ ನೆಟ್ಟ ಮೊದಲ ಮೂರು ವರ್ಷದ ಹಣ್ಣು ತಿನ್ನೋ ಹಾಗಿಲ್ಲ. ಮಾರೋ ಹಾಗಿಲ್ಲ, ದಾನ ಕೊಡೋ ಹಾಗಿಲ್ಲ, ಕೋಳಿಗೆ ಹಾಕೋ ಹಾಗೂ ಇಲ್ಲ. ಹೂಳ್ಬೇಕು, ಇಲ್ಲ ಸುಡ್ಬೇಕು. ಅದು ಓರ್ಲಾ.”

“ಮೂರು ತುಂಬಿತು ಅಂತ ಬೋರ್ಡಲ್ಲಿದೆ...”

“ತುಂಬಿದ್ದು ಮರಕ್ಕೆ, ಹಣ್ಣಿಗಲ್ಲ! ಇಸ್ರೇಲಲ್ಲಾದ್ರೆ ಮರಗಳ ಹಬ್ಬ ಆದ್ಮೇಲೆ ಗಿಡ ಚಿಗುರುತ್ತೆ, ಆಮೇಲೆ ಕಾಯಿ. ಲೆಕ್ಕ ಸಲೀಸು. ನಮ್ದು ತಲೆಕೆಳಗಾದ ದೇಶ. ಹಬ್ಬ ಬರೋದು ಸುಡು ಬೇಸಿಗೇಲಿ, ಅಷ್ಟೊತ್ತಿಗೆ ಕಾಯಿ ಹೆಬ್ಬೆಟ್ಟಷ್ಟಾಗಿರುತ್ತೆ. ಹಬ್ಬಕ್ಕೆ ಮೊದ್ಲು ಕಚ್ಚಿದ ಕಾಯಿ ಹಳೇ ವರ್ಷಕ್ಕೆ ಸೇರಿದ್ದು. ಆಮೇಲೆ ಕಚ್ಚಿದ್ದು ಹೊಸದು, ಅದು ಮಕ್ಕಳಿಗೆ. ಕಲೆಸಿಹೋಗ್ಬಾರ್ದು ಅಂತ ಹಬ್ಬದ ದಿನ ಏಣಿ ಹತ್ತಿ ಹಳೇದಕ್ಕೆಲ್ಲ ನೂಲು ಕಟ್ಟಿದೀನಿ.”

ಆ ನೂಲನ್ನೆಲ್ಲ ಕಿತ್ತಿದ್ದು ನಾನು. ಈಗ ಗಿಡದಲ್ಲಿ ಉಳಿದ ಕಾಯಿಯಲ್ಲಿ ಯಾವುದು ಹಳೆಯದು, ಯಾವುದು ಹೊಸದು, ದೇವರಿಗೇ ಗೊತ್ತು. ಈ ವರ್ಷ ಮಕ್ಕಳಿಗೆ ಒಂದೂ ಇಲ್ಲ.

ಮನೆಮನೆಗೆ ಹೋದೆವು. ಝೆವ್‌ನ ಅಪ್ಪ ಆಗಲೇ ಹಬ್ಬದ ವೈನಿನಲ್ಲಿ ತೇಲುತ್ತಿದ್ದರು. “ಕೊಟ್ಟ ಬುಟ್ಟೀನ ವಾಪಸ್ ಕೇಳೋ ಜೇನುಹುಳ ಇವತ್ತೇ ನೋಡಿದ್ದು! ಬಾ ಮರವೇ, ನೀನಾದ್ರೂ ಕುಣಿ!” ಎಂದು ನನ್ನ ಕೊಂಬೆ ಹಿಡಿದು ಎಳೆದರು. ಕೆಲವು ಮನೆಯಲ್ಲಿ ಮಕ್ಕಳು ತಿಂದಾಗಿತ್ತು. “ಗೊತ್ತಿಲ್ದೆ ತಿಂದಿದ್ದು ಮಗು ತಪ್ಪಲ್ಲ,” ಎಂದು ಮೋರಾ ಅಮ್ಮಂದಿರನ್ನು ಸಮಾಧಾನ ಮಾಡಿದರು. ಯಾರ ತಪ್ಪು ಎಂದು ಒಬ್ಬರಿಗೂ ಹೇಳಲಿಲ್ಲ. “ಶಾಲೆಯಿಂದ ತಪ್ಪಾಯ್ತು” ಎಂದರು, ಅಷ್ಟೇ.

ಕೊನೆಯ ಮನೆಯವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ನಮ್ಮ ಬುಟ್ಟೀನ ಹಾಗೇ ರಬ್ಬಿಯವರ ಮನೆಗೆ ದಾಟಿಸ್ಬಿಟ್ಟೆ!” ರಬ್ಬಿಯ ಹೆಂಡತಿ ಬಾಗಿಲಲ್ಲೇ ನಗುತ್ತಾ, “ನಿಮ್ಗೆ ಅಂಜೂರ ಅಂದ್ರೆ ಪ್ರಾಣ ಅಂತ ನಿಮ್ಮನೆಗೇ ಕಳಿಸಿದೀನಿ, ಸಿಕ್ತಾ?” ಎಂದರು.

ಮೋರಾ ಬ್ಲೂಮಾ ಅವರ ಮನೆಯ ಅಡಿಗೆ ಮೇಜಿನ ಮುಂದೆ ಅವರ ಗಂಡ ಹರ್ಷೆಲ್ ಕೂತಿದ್ದರು. ತಟ್ಟೆಯಲ್ಲಿ ಅರ್ಧ ಅಂಜೂರ. ನಮ್ಮಿಬ್ಬರ ಅವತಾರ ನೋಡಿ ಕೈ ಗಾಳಿಯಲ್ಲೇ ನಿಂತಿತು. ಮೋರಾ ಎಲ್ಲ ಹೇಳಿದರು. ಹರ್ಷೆಲ್ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದರು. ಕೂಗಾಡುತ್ತಾರೆ ಎಂದು ಕಾದೆ. ಮೋರಾ ಎದುರು ಕುರ್ಚಿಯಲ್ಲಿ ಕೂತು ಕೇಳಿದರು,

“ಹೇಗಿತ್ತು?”

“ಸಿಹಿ,” ಎಂದರು ಹರ್ಷೆಲ್, ತಪ್ಪು ಮಾಡಿದವರ ದನಿಯಲ್ಲಿ. “ತುಂಬಾ ಸಿಹಿ ಬ್ಲೂಮಾ.”

ಅಷ್ಟು ವರ್ಷದಿಂದ ಆ ಹಣ್ಣನ್ನು ಕೈಯಲ್ಲಿ ಹಿಡಿದವರು ಅವರು. ಅದರ ರುಚಿಯನ್ನು ಇನ್ನೊಬ್ಬರನ್ನು ಕೇಳಿ ತಿಳಿದುಕೊಂಡರು.

ಈಗ ನಿನಗೆ. ನಾನು ಬರೆಯುವ ಮೊದಲೇ ನೀನು ‘ಹೂಳುವವಳು’ ಎಂದು ಬರೆದೆ. ಅದನ್ನು ನಾನು ಜಾಣತನ ಎಂದುಕೊಂಡು ಹೊಗಳಿದೆ! ಬೂಬಾ, ನಿನಗೆ ಗೊತ್ತಿತ್ತಾ? ಕಾರಣ ಕೇಳಬೇಡ ಎಂದಿದ್ದೀಯ. ಕೇಳುತ್ತಿದ್ದೇನೆ.

ಥಿಯಾ

*

ಕಾಲ್ಫೀಲ್ಡ್
29 ಮಾರ್ಚ್ 1998, ಭಾನುವಾರ

ಬೂಬಾ,

ನಿನ್ನಿಂದ ಪತ್ರವಿಲ್ಲ. ಫೋನು ಮಾಡಿದರೆ ರಿಂಗಾಗುತ್ತಲೇ ಇರುತ್ತದೆ. ಮನೆಯಲ್ಲೇ ಕೂತು ಅದನ್ನು ಕೇಳುತ್ತಿದ್ದೀಯ ಎಂದು ನನಗೆ ಅನುಮಾನ.

ವರದಿ ಬಂತು. ‘ತೇರ್ಗಡೆ’ ಎಂದಿಲ್ಲ. ‘ಅನುತ್ತೀರ್ಣ’ ಎಂದೂ ಇಲ್ಲ. ಮೋರಾ ಬ್ಲೂಮಾ ಎರಡನ್ನೂ ಹೊಡೆದುಹಾಕಿ ಕೆಳಗೆ ಬರೆದಿದ್ದಾರೆ: ‘ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ. ಗೊತ್ತಿಲ್ಲ ಎನ್ನಲು ಕಲಿಯಬೇಕು. ಮುಂದಿನ ಅವಧಿಗೂ ನನ್ನ ಬಳಿಗೇ ಕಳಿಸಿ.’ ಕಾಲೇಜಿನವರು ಮುಖ ಗಂಟಿಕ್ಕಿದರು, ಆದರೆ ಒಪ್ಪಿದರು. ಅಪ್ಪನಿಗೆ ಹೇಳಿದ್ದೇನೆ, ಅಂಗಡಿಗೆ ಬೇರೆಯವರನ್ನು ಹುಡುಕಲಿ ಎಂದು. ನಾರಿಚ್‌ಗೂ ಬರುವುದಿಲ್ಲ, ಹೋಬಾರ್ಟಿಗೂ ಬರುವುದಿಲ್ಲ. ಇಲ್ಲೇ ಇರುತ್ತೇನೆ.

ಉಳಿದ ಕಾಯಿಗಳನ್ನು ನಾನೂ ಮೋರಾನೂ ಸೇರಿ ಹೂಳಿದೆವು. ಮಕ್ಕಳ ಮುಂದೆಯೇ, ಏಕೆಂದು ಹೇಳಿ. ಝೆವ್ ಸಿಟ್ಟಿನಿಂದ ಗಿಲಕಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ, ನಾನೇ ಹಾಮಾನ ಎಂಬ ಹಾಗೆ. ಸ್ಟಾವ್ರೋಸ್ ಬೇಲಿಯಾಚೆಯಿಂದ ಟೋಪಿ ತೆಗೆದು ನಿಂತಿದ್ದ. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಮೋರಾ ಬ್ಲೂಮಾಗೆ ನಿನ್ನ ಹೆಸರು ಹೇಳಿಬಿಟ್ಟೆ. “ಗೀಟಲ್ ವಾಯ್ನರ್?” ಎಂದು ಇನ್ನೊಮ್ಮೆ ಹೇಳಿ ನೋಡಿಕೊಂಡರು. “ಕೇಳೇ ಇಲ್ವಲ್ಲಮ್ಮ,” ಎಂದರು. ಯಾರೂ ಮುಖ ತಿರುಗಿಸಲಿಲ್ಲ.

ಪಾಸೋವರ್ ಊಟಕ್ಕೆ ಅವರ ಮನೆಗೆ ಹೋಗುತ್ತಿದ್ದೇನೆ. ನನ್ನ ಪ್ರಶ್ನೆ ಹಾಗೇ ಇದೆ.

ಥಿಯಾ

*

ಹೋಬಾರ್ಟ್
2 ಏಪ್ರಿಲ್ 1998

ನನ್ನ ಕೂಸೇ,

ಕೇಳೇ ಇಲ್ಲವಂತೆಯೇ? ಅಪ್ಪನ ಮನೆಯ ಬಾಗಿಲನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕಿಕೊಂಡು ಬಂದವಳು ನಾನು. ಆ ಊರಿನ ಜ್ಞಾಪಕಶಕ್ತಿಗೆ ಏನು ರೋಗ?

ನಿನ್ನ ಫೋನು ಕೇಳುತ್ತಲೇ ಇತ್ತು. ಎತ್ತಲಿಲ್ಲ. ನಿನ್ನ ಅನುಮಾನ ಸರಿ.

ಗೊತ್ತಿತ್ತು. ಶೆಡ್ಡಿನ ಹಿಂದೆ ಎಂದು ಓದಿದ ಕೂಡಲೇ ಗೊತ್ತಾಯಿತು. ಅಲ್ಲೇ ಮೆಲ್ಬರ್ನಿನ ಕಾರ್ಲ್ಟನ್ನಿನಲ್ಲಿ ನಮ್ಮ ಹಿತ್ತಲಿನ ಏಪ್ರಿಕಾಟ್ ಗಿಡ ಮೊದಲ ಸಲ ಬಿಟ್ಟ ಹಣ್ಣನ್ನು ನನ್ನ ಅಪ್ಪ ಹೀಗೇ ಹೂಳಿದರು. ನಾವು ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದೆವು. ಯಾಕೆ ಎಂದು ಕೇಳಿದೆ. ಕೆನ್ನೆಗೆ ಬಿತ್ತು. ಆ ಮನೆಯಲ್ಲಿ ನಾನು ಕೇಳಿದ ಪ್ರತಿಯೊಂದಕ್ಕೂ ಅದೇ ಉತ್ತರ. ನಿಮ್ಮ ಮೋರಾ ಮಕ್ಕಳಿಗೆ ಏಕೆಂದು ಹೇಳಿ ಹೂಳಿದರು ಎಂಬಲ್ಲಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಅವರು ನಿನ್ನನ್ನು ಹೊರಗೆ ಹಾಕಿದರೆ ನೀನು ಇಲ್ಲಿಗೆ ಬರುತ್ತೀಯ ಎಂದುಕೊಂಡಿದ್ದೆ. ‘ನೀನು ನನ್ನ ಹಿಂದೆ ಇದ್ದೀಯಲ್ಲ’ ಎಂದು ನೀನು ಬರೆದದ್ದನ್ನು ಓದಿದ ಮೇಲೆ ಬೇಡ ಎನ್ನಲು ಫೋನು ಎತ್ತಿದೆ. ಬೇರೆ ಕಾರಣ ಹುಡುಕಬೇಡ. ಪರದೆ ನೀಲಿ ಬಣ್ಣದ್ದು.

ಇನ್ನೊಂದು. ಆ ಪಾಸೋವರ್ ಊಟಕ್ಕೆ ಅವರ ಮನೆಯ ಮೇಜು ಎಷ್ಟು ಉದ್ದವಿದೆ? ಕೊನೆಯಲ್ಲಿ ಇನ್ನೊಂದು ಕುರ್ಚಿ ಹಿಡಿಸುತ್ತದೆಯೇ ಎಂದು ಕೇಳಿ ನೋಡು. ಮುಂದಿನ ಗುರುವಾರದ ವಿಮಾನದಲ್ಲಿ ಸೀಟಿದೆಯಂತೆ.

ನಾನು ಕೇಳಿದೆ ಎಂದು ಮಾತ್ರ ಹೇಳಬೇಡ.

ಬೂಬಾ